ಡನ್‌ಬಾರ್ ಕವಿಯ ಎರಡು ಮಾತುಗಳು

ವಿಶಾಖದತ್ತನ ‘ಮುದ್ರಾರಾಕ್ಷಸ’ದ ಎರಡನೆಯ ಅಂಕದಲ್ಲಿ ವಿರಾಧಗುಪ್ತನು ಹಾವಾಡಿಗನ ವೇಷದಿಂದ ರಂಗವನ್ನು ಪ್ರವೇಶಿಸುತ್ತಾನೆ. ಪರರು ಕೇಳುವಂತೆ ಆತನು ಆಡುವುದು ಪ್ರಾಕೃತ. ತನ್ನೊಳಗೆ ಆಡಿಕೊಳ್ಳುವುದು ಸಂಸ್ಕೃತ. ಹೀಗೆ ಕಾರ್ಯವಶದಿಂದ ಪಾತ್ರವೊಂದು ತನಗೆ ವಿಹಿತವಾದ ಭಾಷೆಯನ್ನು ಬಿಟ್ಟು ಬೇರೊಂದನ್ನು ಹಿಡಿಯುವುದಕ್ಕೆ ನಾಟ್ಯಲಕ್ಷಣಕಾರರು ಭಾಷಾವ್ಯತಿಕ್ರಮವೆಂದು ಹೆಸರಿಟ್ಟು, ಅದಕ್ಕೆ ಅವಕಾಶವನ್ನೂ ಇತ್ತಿದ್ದಾರೆ. ಒಬ್ಬನೇ ಮಾತುಗಾರನು ಸಂದರ್ಭಾನುಸಾರವಾಗಿ ಒಂದು ಭಾಷಾರೂಪದಿಂದ ಇನ್ನೊಂದಕ್ಕೆ ಹೊರಳುವುದನ್ನು ಇಪ್ಪತ್ತನೆಯ ಶತಮಾನದ ಭಾಷಾಶಾಸ್ತ್ರಜ್ಞರು ‘ಕೋಡ್ ಸ್ವಿಚಿಂಗ್’ ಎಂದು ಕರೆದರು. ನಾಟಕದಲ್ಲಿ ಈ ವ್ಯತಿಕ್ರಮಕ್ಕೆ ಕಥೆಯೇ ಕಾರಣ. ಲೋಕದಲ್ಲಿ ಬಹುವೇಳೆ ಹೊಟ್ಟೆಯ ಪಾಡೇ ಕಾರಣ. ವರ್ಣಭೇದವು ಬೇರೂರಿದ ಸಮಾಜದಲ್ಲಿ ಮಾತನ್ನು ಬದಲಿಸಬೇಕಾದವರು ಯಾರು, ಆ ಬದಲಾವಣೆಗೆ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಗಳು ಏಳದೆ ಇರವು. ಈ ಪ್ರಶ್ನೆಗಳನ್ನು ಒಬ್ಬ ಕವಿಯ ಬಾಳಿನಲ್ಲಿಯೂ ಕೃತಿಯಲ್ಲಿಯೂ ಒಟ್ಟಿಗೆ ಪರೀಕ್ಷಿಸಲು ಅಮೆರಿಕದ ಪಾಲ್ ಲಾರೆನ್ಸ್ ಡನ್‌ಬಾರನಿಗಿಂತ ತಕ್ಕ ನಿದರ್ಶನವು ಸುಲಭವಾಗಿ ದೊರೆಯದು.

ಡನ್‌ಬಾರನು ಹುಟ್ಟಿದುದು 1872ರಲ್ಲಿ, ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ. ಆತನ ತಾಯಿತಂದೆಗಳಿಬ್ಬರೂ ಕೆಂಟಕಿಯಲ್ಲಿ ಗುಲಾಮರಾಗಿದ್ದು ಅನಂತರ ಬಿಡುಗಡೆ ಹೊಂದಿದವರು. ಡೇಟನ್ನಿನ ಪ್ರೌಢಶಾಲೆಯಲ್ಲಿ ಆತನ ತರಗತಿಗೆ ಆತನೊಬ್ಬನೇ ಕಪ್ಪು ವಿದ್ಯಾರ್ಥಿ. ಮುಂದೆ ವಿಮಾನವನ್ನು ನಿರ್ಮಿಸಿ ಪ್ರಸಿದ್ಧನಾದ ಆರ್ವಿಲ್ ರೈಟನು ಅಲ್ಲಿ ಆತನ ಸಹಪಾಠಿ. ಶಾಲೆಯ ಪತ್ರಿಕೆಗೆ ಡನ್‌ಬಾರನು ಸಂಪಾದಕನಾಗಿದ್ದನು. ಸಾಹಿತ್ಯ ಸಂಘಕ್ಕೆ ಅಧ್ಯಕ್ಷನೂ ಆಗಿದ್ದನು. ಶಿಷ್ಟ ಇಂಗ್ಲಿಷಿನಲ್ಲಿ ಆತನಿಗಿದ್ದ ಪರಿಶ್ರಮಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಆದರೆ 1891ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ಬರವಣಿಗೆಯ ಉದ್ಯೋಗವನ್ನು ಅರಸಿ ಹೊರಟಾಗ ಕಚೇರಿಗಳ ಬಾಗಿಲು ಆತನಿಗೆ ತೆರೆಯಲಿಲ್ಲ. ದೊರೆತುದು ಒಂದು ಕಟ್ಟಡದಲ್ಲಿ ಲಿಫ್ಟನ್ನು ಏರಿಸಿ ಇಳಿಸುವ ಕೆಲಸ; ಸಂಬಳ ವಾರಕ್ಕೆ 4 ಡಾಲರು. ತನ್ನ ಮೊದಲ ಕವನಸಂಗ್ರಹವಾದ ‘ಓಕ್ ಅಂಡ್ ಐವಿ’ಯನ್ನು ಆತನು ಆ ಲಿಫ್ಟಿನಲ್ಲಿ ಬಂದುಹೋಗುವವರಿಗೇ ಪ್ರತಿಯೊಂದಕ್ಕೆ ಒಂದು ಡಾಲರಿನಂತೆ ಮಾರಿದನು.

ಈ ಸಂಗತಿಯು ಕವಿಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬಡತನದ ಒಂದು ಚಿತ್ರವಾಗಿ ಮಾತ್ರ ಬರುತ್ತದೆ. ಪರ್ಯಾಲೋಚಿಸಿದರೆ ಇದರ ಅರ್ಥವು ಇನ್ನೂ ದೂರಕ್ಕೆ ಹೋಗುತ್ತದೆ. ಹೀನಾಯಕ್ಕೆ ಗುರಿಯಾದ ಜನಕ್ಕೆ ಲೋಕವು ಹೇಳುತ್ತ ಬಂದಿರುವ ಹಿತವಚನವೊಂದುಂಟು: ‘ನಿಮ್ಮ ಮಾತನ್ನು ತಿದ್ದಿಕೊಳ್ಳಿ, ಉದ್ಯೋಗವು ತಾನಾಗಿ ಬರುವುದು.’ ಡನ್‌ಬಾರನು ಮಾತನ್ನು ತಿದ್ದಿಕೊಳ್ಳಬೇಕಾದವನೇ ಆಗಿರಲಿಲ್ಲ. ಶಿಷ್ಟಭಾಷೆಯು ಆತನಿಗೆ ಕರತಲಾಮಲಕವಾಗಿದ್ದಿತು. ಆದರೂ ಆ ಭಾಷೆಯು ವೇತನವಾಗಿ ಪರಿಣಮಿಸಲಿಲ್ಲ. ಮಾತಿನ ಅಗತ್ಯವೇ ಇಲ್ಲದ ಕೆಲಸವನ್ನು ಆತನಿಗೆ ಕೊಟ್ಟರು. ತಡೆಯು ನಾಲಗೆಯಲ್ಲಿ ಇರಲಿಲ್ಲವಾದುದರಿಂದ ನಾಲಗೆಯ ಸಂಸ್ಕಾರವು ಅದನ್ನು ತೆಗೆಯಲಾರದೆ ಹೋಯಿತು.

ಬಾಗಿಲು ತೆರೆದುದು ಬೇರೊಂದು ಮಾತಿಗೆ. 1895ರ ‘ಮೇಜರ್ಸ್ ಅಂಡ್ ಮೈನರ್ಸ್’ ಎಂಬ ಸಂಗ್ರಹದಲ್ಲಿ ಡನ್‌ಬಾರನು ಶಿಷ್ಟ ಇಂಗ್ಲಿಷಿನ ಕವಿತೆಗಳನ್ನು ಮುಖ್ಯ ಭಾಗದಲ್ಲಿಟ್ಟು, ದಕ್ಷಿಣದ ಕಪ್ಪುಜನರ ಆಡುಮಾತಿನಲ್ಲಿ ರಚಿಸಿದ ಕವಿತೆಗಳನ್ನು ಅವುಗಳ ಹಿಂದೆ ಸೇರಿಸಿದನು. ಮರುವರ್ಷ ಜೂನ್ ತಿಂಗಳಿನಲ್ಲಿ, ಅಂದಿನ ಅಮೆರಿಕದ ಅತ್ಯಂತ ಪ್ರಭಾವಶಾಲಿ ವಿಮರ್ಶಕನೆನಿಸಿದ್ದ ವಿಲಿಯಂ ಡೀನ್ ಹೌವೆಲ್ಸನು ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಈ ಗ್ರಂಥವನ್ನು ವಿಮರ್ಶಿಸಿದನು. ಆತನ ಪ್ರಶಂಸೆಯು ಬಹುಮಟ್ಟಿಗೆ ಆಡುಮಾತಿನ ಕವಿತೆಗಳಿಗೆ ಸಂದಿತು. ಶಿಷ್ಟ ಇಂಗ್ಲಿಷಿನವುಗಳಲ್ಲಿ ಆತನು ವಿಶೇಷವನ್ನೇನೂ ಕಾಣಲಿಲ್ಲ. ಅದೇ ವರ್ಷ ಆತನ ಮುನ್ನುಡಿಯೊಡನೆ ‘ಲಿರಿಕ್ಸ್ ಆಫ್ ಲೋಲಿ ಲೈಫ್’ ಪ್ರಕಟವಾಗಿ ಡನ್‌ಬಾರನು ದೇಶಪ್ರಸಿದ್ಧನಾದನು. ಹೌವೆಲ್ಸನ ಸದುದ್ದೇಶದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆತನ ಲೇಖನಿಯಿಲ್ಲದೆ ಡನ್‌ಬಾರನಿಗೆ ಆ ಖ್ಯಾತಿಯು ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಮರುವರ್ಷವೇ ಕವಿಯು ಒಂದು ಪತ್ರದಲ್ಲಿ, ಆಡುಮಾತಿನ ಕವಿತೆಯನ್ನು ಕುರಿತ ಹೌವೆಲ್ಸನ ತೀರ್ಮಾನವು ತನಗೆ ಸರಿಪಡಿಸಲಾಗದ ಕೇಡನ್ನು ಮಾಡಿತೆಂದು ಬರೆದನು. ಜನರು ತನಗೆ ಕಿವಿಗೊಡಬೇಕಾದರೆ ಆಡುಮಾತಿನಲ್ಲಿಯೇ ಬರೆಯಬೇಕಾಗಿದೆಯೆಂದು ಆತನು ಹೇಳಿದುದನ್ನು ಆತನ ಮಿತ್ರನೂ ಕವಿಯೂ ಆದ ಜೇಮ್ಸ್ ವೆಲ್ಡನ್ ಜಾನ್ಸನನು ದಾಖಲಿಸಿದ್ದಾನೆ.

ಆಗಿನಿಂದ ವಿಮರ್ಶಕರಲ್ಲಿ ಎರಡು ಪಕ್ಷಗಳಾಗಿವೆ. ಆಡುಮಾತೇ ಕವಿಯ ಸಹಜವಾಣಿ, ಶಿಷ್ಟಭಾಷೆಯು ಕಲಿತ ಅನುಕರಣ ಎಂಬುದು ಹೌವೆಲ್ಸನಿಂದ ಹೊರಟ ಪಕ್ಷ. ಆಡುಮಾತು ಬಿಳಿಯ ಓದುಗರ ಮೆಚ್ಚಿಕೆಗಾಗಿ ಧರಿಸಿದ ಮುಖವಾಡ, ಶಿಷ್ಟಭಾಷೆಯೇ ನಿಜವಾದ ಮುಖ ಎಂಬುದು ಎದುರು ಪಕ್ಷ. 1922ರಲ್ಲಿ ಜಾನ್ಸನನು ತಾನು ಸಂಪಾದಿಸಿದ ಸಂಕಲನದ ಪೀಠಿಕೆಯಲ್ಲಿ, ಆ ಆಡುಮಾತಿನ ವಾದ್ಯಕ್ಕೆ ಹಾಸ್ಯ, ಕರುಣ ಎಂಬ ಎರಡೇ ಸ್ವರಸ್ಥಾನಗಳೆಂದು ಹೇಳಿ ಈ ಎರಡನೆಯ ಪಕ್ಷಕ್ಕೆ ಬಲವಿತ್ತನು. ಕೃತಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡು ಪಕ್ಷಗಳೂ ನಿಲ್ಲಲಾರವು. ಡನ್‌ಬಾರನು ಬೆಳೆದುದು ಓಹಾಯೋದಲ್ಲಿ. ತೋಟಗಳ ದಾಸ್ಯಜೀವನವು ಆತನಿಗೆ ತಾಯಿಯ ಬಾಯಿಂದ ಬಂದ ಕಥೆ. ಮಧ್ಯಪಶ್ಚಿಮದ ಬಿಳಿಯ ರೈತರ ಆಡುಮಾತಿನಲ್ಲಿಯೂ ಆತನು ಕವಿತೆಗಳನ್ನು ಬರೆದಿದ್ದಾನೆ. ಹೀಗಿರಲು ಆಡುಮಾತು ಆತನಲ್ಲಿ ಪ್ರಕೃತಿಯಂತೆ ತಾನಾಗಿ ಹೊಮ್ಮಿತೆನ್ನುವುದು ಕವಿಯ ಶ್ರಮವನ್ನೇ ಅಲ್ಲಗಳೆದಂತೆ. ಎರಡನೆಯ ಪಕ್ಷದಲ್ಲಿ ಸತ್ಯಾಂಶವುಂಟು: ‘ದಿ ಡೆಸರ್ಟೆಡ್ ಪ್ಲಾಂಟೇಷನ್’ ಮೊದಲಾದ ಕವಿತೆಗಳು ಗುಲಾಮಗಿರಿಯ ಕಾಲವನ್ನು ಹಂಬಲದಿಂದ ನೆನೆಯುತ್ತವೆ, ಅವುಗಳ ಮಾಧುರ್ಯವು ಮಾರುಕಟ್ಟೆಯ ರುಚಿಗೆ ಹೊಂದಿಸಿದುದೆಂಬುದನ್ನು ಮರೆಮಾಚಲಾಗದು. ಆದರೆ ಈ ದೋಷವು ಭಾಷೆಯದಲ್ಲವೆಂಬುದಕ್ಕೆ ಆತನ ಆಡುಮಾತಿನ ಕವಿತೆಯೇ ಪ್ರಮಾಣ.

‘ಆನ್ ಆಂಟಿಬೆಲಮ್ ಸರ್ಮನ್’ ಎಂಬುದು ಅಂತಹ ಕವಿತೆ. ಅಂತರ್ಯುದ್ಧಕ್ಕೆ ಮುಂಚಿನ ಕಾಲದಲ್ಲಿ ಒಬ್ಬ ಬೋಧಕನು ಗುಲಾಮರ ಸಭೆಗೆ ಮೋಶೆಯು ತನ್ನ ಜನವನ್ನು ಫರೋಹನ ಹಿಡಿತದಿಂದ ಬಿಡಿಸಿದ ವೃತ್ತಾಂತವನ್ನು ಹೇಳುತ್ತಾನೆ. ಮಾತು ಬಿಡುಗಡೆಯ ಸಮೀಪಕ್ಕೆ ಬಂದಾಗಲೆಲ್ಲ, ತಾನು ಹೇಳುತ್ತಿರುವುದು ಪುರಾತನಕಾಲದ ಸಂಗತಿಯೇ ಹೊರತು ಇಂದಿನದಲ್ಲವೆಂದು ಎಚ್ಚರಿಸುತ್ತಾನೆ. ಯಜಮಾನರ ಬಳಿಗೆ ಓಡಿ ಚಾಡಿ ಹೇಳಬೇಡಿರೆಂದೂ ಕೇಳಿಕೊಳ್ಳುತ್ತಾನೆ. ಎಚ್ಚರಿಕೆಯು ಮರುಕಳಿಸಿದಂತೆಲ್ಲ ಅದು ಅಲ್ಲಗಳೆಯುವ ಅರ್ಥವೇ ಬಲವಾಗುತ್ತದೆ. ಕೊನೆಯಲ್ಲಿ, ತಮ್ಮ ಜನರನ್ನು ಪೌರರೆಂದು ಲೋಕವು ಒಪ್ಪುವ ದಿನವನ್ನು ಆತನು ಹೆಸರಿಸಹೊರಟು, ಆ ಪದವನ್ನು ಅರ್ಧದಲ್ಲಿಯೇ ನುಂಗಿ ಎಲ್ಲರನ್ನೂ ಪ್ರಾರ್ಥನೆಗೆ ಕರೆಯುತ್ತಾನೆ. ಹಾಸ್ಯವನ್ನು ಬಯಸುವವನಿಗೆ ಇಲ್ಲಿ ಹಾಸ್ಯವುಂಟು. ಆದರೆ ಆ ತುಂಡಾದ ಪದದಲ್ಲಿ ಅಡಗಿರುವುದು ಹಾಸ್ಯವೂ ಅಲ್ಲ, ಕರುಣವೂ ಅಲ್ಲ. ಜಾನ್ಸನನು ಎಣಿಸಿದ ಎರಡು ಸ್ವರಗಳಿಗೆ ಇಲ್ಲಿ ಮೂರನೆಯದೊಂದು ಸೇರಿದೆ; ಆಡುಮಾತಿನ ಹೊರತು ಬೇರೆಡೆಯಲ್ಲಿ ಆ ಸ್ವರವು ಹೊರಡುವಂತಿರಲಿಲ್ಲ.

ಇದೇ ಸಂಗ್ರಹದ ‘ವೀ ವೇರ್ ದಿ ಮಾಸ್ಕ್’ ಕವಿತೆಯು ಇದಕ್ಕೆ ತಿರುಗುಮುರುಗಾದ ಸಾಕ್ಷ್ಯವನ್ನು ಕೊಡುತ್ತದೆ. ಅದರ ಭಾಷೆ ಶಿಷ್ಟ ಇಂಗ್ಲಿಷು. ಅದರ ಬಂಧವು ಆರಂಭದ ಪದಗುಚ್ಛವೇ ಪಲ್ಲವಿಯಾಗಿ ಮರಳುವ ‘ರಾಂಡೋ’ ಎಂಬ ಫ್ರೆಂಚ್ ಬಂಧ. ನಗುವ ಮುಖವಾಡದ ಹಿಂದೆ ನೋವನ್ನು ಮರೆಸುವ ಜನಸಮುದಾಯವೊಂದು ಅಲ್ಲಿ ಬಹುವಚನದಲ್ಲಿ ಮಾತಾಡುತ್ತದೆ. ಆ ಜನ ಯಾರು, ಅವರ ವರ್ಣ ಯಾವುದು ಎಂಬುದನ್ನು ಕವಿತೆಯು ಎಲ್ಲಿಯೂ ಹೇಳುವುದಿಲ್ಲ. ಮುಖವಾಡವನ್ನು ಕುರಿತ ಕವಿತೆಯೇ ಮುಖವಾಡ ಧರಿಸಿ ಬಂದಿದೆ. ಅಂದಮೇಲೆ ಆಡುಮಾತು ಮುಖವಾಡ, ಶಿಷ್ಟಭಾಷೆಯು ಮುಖ ಎಂಬ ವಿಂಗಡಣೆಗೆ ಕವಿತೆಯಲ್ಲಿ ಆಧಾರವಿಲ್ಲ. ಎರಡು ಭಾಷೆಗಳೂ ಡನ್‌ಬಾರನವೇ. ಯಾವುದನ್ನು ಎಲ್ಲಿ ಆಡಬೇಕೆಂಬ ಕಟ್ಟಳೆಯು ಮಾತ್ರ ಆತನದಲ್ಲ.

ಆತನ ಸಮಕಾಲೀನನಾದ ಚಾರ್ಲ್ಸ್ ಚೆಸ್ನಟ್ಟನು ಈ ಕಟ್ಟಳೆಯನ್ನೇ ಕಥಾವಸ್ತುವಾಗಿ ಮಾಡಿಕೊಂಡನು. 1899ರ ‘ದಿ ಕಾಂಜರ್ ವುಮನ್’ ಸಂಗ್ರಹದಲ್ಲಿ ಬಿಳಿಯ ಯಜಮಾನನು ಶಿಷ್ಟಭಾಷೆಯಲ್ಲಿ ಚೌಕಟ್ಟಿನ ಕಥೆಯನ್ನು ಹೇಳುತ್ತಾನೆ. ಆತನ ಸಾರಥಿಯಾದ ಮುದುಕ ಜೂಲಿಯಸನು ಒಳಗಿನ ಕಥೆಯನ್ನು ಆಡುಮಾತಿನಲ್ಲಿ ಹೇಳುತ್ತಾನೆ. ‘ಪೋ ಸ್ಯಾಂಡಿ’ ಎಂಬ ಕಥೆಯಲ್ಲಿ, ಹಳೆಯ ಶಾಲೆಯ ಕಟ್ಟಡವನ್ನು ಕೆಡವಿ ಅದರ ಮರದಿಂದ ಅಡಿಗೆಮನೆ ಕಟ್ಟಿಸಬೇಕೆಂದಿದ್ದ ಯಜಮಾನನ ಯೋಚನೆಯು ಜೂಲಿಯಸನ ದೆವ್ವದ ಕಥೆಯಿಂದ ಮುರಿಯುತ್ತದೆ. ಅನಂತರ ಆ ಕಟ್ಟಡವು ಜೂಲಿಯಸನ ಕಡೆಯವರ ಪ್ರಾರ್ಥನಾಸಭೆಗೆ ದೊರೆಯುತ್ತದೆ. ಇಲ್ಲಿ ಆಳಿಗೆ ವಿಧಿಸಿದ ಮಾತೇ ಆಳಿನ ಉಪಾಯವೂ ಆಗಿದೆ. ಆದರೂ ಉಪಾಯವನ್ನು ಹೂಡಬೇಕಾದ ಶ್ರಮವು ಜೂಲಿಯಸನೊಬ್ಬನದೇ. ಯಜಮಾನನು ಮಾತನ್ನು ಬದಲಿಸಬೇಕಾದ ಪ್ರಸಂಗವು ಒಮ್ಮೆಯೂ ಬರುವುದಿಲ್ಲ.

ಡನ್‌ಬಾರನ ಕಾಲದ ಅನಂತರ ಆ ಆಡುಮಾತಿನ ಬಗೆಗೆ ಶಾಸ್ತ್ರದ ದೃಷ್ಟಿ ಬದಲಾಯಿತು. ಅದು ಕೆಟ್ಟ ಇಂಗ್ಲಿಷಲ್ಲ, ತನ್ನದೇ ನಿಯಮಗಳುಳ್ಳ ಭಾಷಾರೂಪವೆಂದು ವಿಲಿಯಂ ಲೆಬೋವ್ ಮೊದಲಾದ ವಿದ್ವಾಂಸರು 1960ರ ದಶಕದಿಂದ ಸಿದ್ಧಪಡಿಸಿದರು. 1979ರಲ್ಲಿ ಮಿಷಿಗನ್ನಿನ ಆನ್ ಆರ್ಬರ್ ನಗರದ ಮೊಕದ್ದಮೆಯಲ್ಲಿ, ಮಕ್ಕಳ ಮನೆಮಾತನ್ನು ಶಾಲೆಯು ಓದಿನ ಬೋಧನೆಯಲ್ಲಿ ಗಣನೆಗೆ ತಂದುಕೊಳ್ಳಬೇಕೆಂದು ನ್ಯಾಯಾಲಯವೂ ತೀರ್ಪಿತ್ತಿತು. ಕಚೇರಿಯ ಕಟ್ಟಳೆ ಮಾತ್ರ ಅಷ್ಟು ಸುಲಭವಾಗಿ ಸಡಿಲವಾಗಲಿಲ್ಲವೆಂಬುದಕ್ಕೆ ಕಲೆಯೇ ಸಾಕ್ಷಿ. 2018ರಲ್ಲಿ ಬೂಟ್ಸ್ ರೈಲಿಯು ನಿರ್ದೇಶಿಸಿದ ‘ಸಾರಿ ಟು ಬಾದರ್ ಯು’ ಚಲನಚಿತ್ರದಲ್ಲಿ, ದೂರವಾಣಿಯ ಮೂಲಕ ಸರಕು ಮಾರುವ ಕಪ್ಪು ಯುವಕನಿಗೆ ಹಿರಿಯ ಸಹೋದ್ಯೋಗಿಯೊಬ್ಬನು ‘ಬಿಳಿಯ ದನಿ’ಯಲ್ಲಿ ಮಾತಾಡೆಂದು ಬೋಧಿಸುತ್ತಾನೆ. ಆ ದನಿಯನ್ನು ಹಿಡಿದು ಯುವಕನು ಮೇಲಿನ ಅಂತಸ್ತಿಗೆ ಏರುತ್ತಾನೆ. ಚಿತ್ರದಲ್ಲಿ ಆ ದನಿಯನ್ನು ಕೊಟ್ಟವನು ಬೇರೊಬ್ಬ ನಟ. ಪಾತ್ರದ ಬಾಯಿ ಆಡುತ್ತದೆ, ದನಿ ಪರರದು. ಡನ್‌ಬಾರನು ಲಿಫ್ಟಿನಲ್ಲಿ ಇತರರನ್ನು ಮೇಲಕ್ಕೇರಿಸಿದನು. ಈ ಯುವಕನಾದರೋ ತಾನೇ ಮೇಲೇರಿದನು, ದನಿಯನ್ನು ಕೆಳಗೆ ಬಿಟ್ಟು.

ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ಹೊರಡುವ ಅರ್ಥವು ಸಣ್ಣದಲ್ಲ. ಶಿಷ್ಟಭಾಷೆಯನ್ನು ಕಲಿಸುವುದು ಬೇಡವೆಂದು ಡನ್‌ಬಾರನ ಬಾಳು ಹೇಳುವುದಿಲ್ಲ. ಆತನು ಆ ಭಾಷೆಯನ್ನು ಪ್ರೀತಿಸಿದನು, ಅದರಲ್ಲಿ ಮನ್ನಣೆಯನ್ನು ಬಯಸಿದನು. ಆ ಕಲಿಕೆಯು ಉದ್ಯೋಗಕ್ಕೆ ಜಾಮೀನೆಂದು ಹೇಳಿ, ಉದ್ಯೋಗವು ದೊರೆಯದಿದ್ದಾಗ ತಪ್ಪನ್ನು ಕಲಿತವನ ಮಾತಿನ ಮೇಲೆ ಹೊರಿಸುವುದು ಅನ್ಯಾಯವೆಂಬುದನ್ನು ಮಾತ್ರ ಅದು ನಿಸ್ಸಂಶಯವಾಗಿ ತೋರಿಸುತ್ತದೆ. ಕ್ಷಯರೋಗದಿಂದ 1906ರಲ್ಲಿ ತೀರಿಕೊಂಡಾಗ ಡನ್‌ಬಾರನಿಗೆ ಕೇವಲ 33 ವರ್ಷ. ‘ದಿ ಪೊಯೆಟ್’ ಎಂಬ ತನ್ನ ಪುಟ್ಟ ಕವಿತೆಯಲ್ಲಿ ಆತನು, ಗಂಭೀರವಾದುದನ್ನು ಹಾಡಿದ ಕವಿಯನ್ನು ಬಿಟ್ಟು ಲೋಕವು ಆತನ ಒಡಕುನುಡಿಯ ಪದ್ಯವನ್ನು ಹೊಗಳಿದ ಬಗೆಯನ್ನು ನಾಲ್ಕು ಮಾತುಗಳಲ್ಲಿ ಹೇಳಿ ಮುಗಿಸಿದ್ದಾನೆ. ವಿಶಾಖದತ್ತನ ವಿರಾಧಗುಪ್ತನು ಅಮಾತ್ಯ ರಾಕ್ಷಸನ ಮುಂದೆ ಹಾವಾಡಿಗನ ಮಾತನ್ನು ಕಳಚಿಟ್ಟು ತನ್ನ ಮಾತಿನಲ್ಲಿ ಮಾತಾಡಬಲ್ಲನು. ಆತನನ್ನು ಗುರುತಿಸಿ ಎರಡು ಮಾತುಗಳನ್ನೂ ಅರಿತು ಕೇಳುವ ಒಡೆಯನು ಅಲ್ಲಿದ್ದನು. ಡನ್‌ಬಾರನಿಗೆ ದೊರೆತ ಒಡೆಯರು ಒಂದು ಮಾತನ್ನು ಮಾತ್ರ ಕೇಳಿದರು.