ಬ್ರೂಗಲ್‌ನ ‘ಮಕ್ಕಳ ಆಟಗಳು’: ನೋಡುವ ಬಗೆ

‘ಮಕ್ಕಳ ಆಟಗಳು’ ಹಿರಿಯ ಪೀಟರ್ ಬ್ರೂಗಲ್ 1560ರಲ್ಲಿ ಓಕ್ ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದ ಚಿತ್ರ. ಸುಮಾರು 118 ಸೆಂ.ಮೀ. ಎತ್ತರ, 161 ಸೆಂ.ಮೀ. ಅಗಲದ ಈ ಹಲಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಎಂಬತ್ತರಷ್ಟು ಬಗೆಯ ಆಟಗಳಲ್ಲಿ ಮುಳುಗಿದ್ದಾರೆ. ಮೂಲಚಿತ್ರ ಆಸ್ಟ್ರಿಯಾದ ವಿಯೆನ್ನಾ ನಗರದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿದೆ.

ಮೊದಲು ಇಡೀ ಚಿತ್ರವನ್ನು ಒಮ್ಮೆಗೇ ನೋಡಬೇಕು. ಕಲಾವಿದನ ಕಣ್ಣು ಎತ್ತರದಲ್ಲಿದೆ. ಶಿವಗಂಗೆ ಬೆಟ್ಟದ ಮೆಟ್ಟಿಲುಗಳಿಂದ ತಪ್ಪಲಿನ ಊರನ್ನು ನೋಡಿದಂತೆ, ಮುಂದಿನವರು ಹಿಂದಿನವರನ್ನು ಅಷ್ಟಾಗಿ ಮರೆಮಾಡದೆ ಎಲ್ಲರೂ ಕಾಣುತ್ತಾರೆ. ಬಲಕ್ಕೆ ಬೀದಿ ಓರೆಯಾಗಿ ದೂರ ಸಾಗುತ್ತದೆ. ಎಡಕ್ಕೆ ಹಸಿರು ಬಯಲು, ಮಕ್ಕಳು ಈಜುವ ಹೊಳೆ. ನಡುವೆ ನಾಯಕನೆನ್ನುವ ವ್ಯಕ್ತಿಯಿಲ್ಲ. ಮಣ್ಣುಬಣ್ಣದ ನೆಲದ ಮೇಲೆ ಚೆದುರಿದ ಕೆಂಪು, ನೀಲಿ ಉಡುಪುಗಳೇ ಕಣ್ಣನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಕರೆದೊಯ್ಯುತ್ತವೆ.

ಆಮೇಲೆ ಒಂದೊಂದೇ ಆಟವನ್ನು ಆರಿಸಿಕೊಳ್ಳಬೇಕು. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಆಡುತ್ತಿರುವುದು ಕನ್ನಡನಾಡಿನ ಅಣ್ಣೆಕಲ್ಲಿನಾಟವನ್ನೇ ಹೋಲುತ್ತದೆ. ಕಲ್ಲಿನ ಜಾಗದಲ್ಲಿ ಪ್ರಾಣಿಯ ಗೆಣ್ಣುಮೂಳೆ. ಬುಗುರಿ, ಕಣ್ಣಾಮುಚ್ಚಾಲೆ, ಗಾಲಿ ಓಡಿಸುವುದು, ಮರಗಾಲು ನಡಿಗೆಯನ್ನೂ ಹುಡುಕಬಹುದು. ದೊಡ್ಡವರನ್ನು ನೋಡಿ ಕಲಿತ ಆಟಗಳೂ ಇವೆ: ಚಿತ್ರದ ನಡುವೆ ಮದುವೆಯ ದಿಬ್ಬಣ ಹೊರಟಿದೆ; ಬಲಗಡೆ ಕೆಳಮೂಲೆಯಲ್ಲಿ ಹುಡುಗಿಯೊಬ್ಬಳು ಇಟ್ಟಿಗೆ ಕೆರೆದು ಕೆಂಪು ಪುಡಿ ಮಾಡಿ ಅಂಗಡಿಯಾಟ ಆಡುತ್ತಿದ್ದಾಳೆ.

ಕೊನೆಗೆ ಮುಖಗಳನ್ನು ಹತ್ತಿರದಿಂದ ಗಮನಿಸಬೇಕು. ನಗುವವರು ವಿರಳ. ಗುಂಡನೆಯ ಆ ಮುಖಗಳಲ್ಲಿ ಕೆಲಸಕ್ಕೆ ಕೂತವರ ಗಾಂಭೀರ್ಯವಿದೆ. ದೊಡ್ಡವರ ಬದುಕೂ ಇಂಥದೇ ಹುಚ್ಚಾಟವೆಂಬ ಬೋಧೆ ಇದರಲ್ಲಿದೆ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಇದು ಆ ಕಾಲದ ಆಟಗಳ ಚಿತ್ರಕೋಶ ಎಂದು ಇನ್ನು ಕೆಲವರದು. ಎರಡಕ್ಕೂ ಚಿತ್ರದಲ್ಲಿ ಆಧಾರ ಸಿಗುತ್ತದೆ. ಆದರೆ ಬಾಗಿದ ಬೆನ್ನು, ಬೀಸಿದ ಕೈ, ಊರಿದ ಮೊಣಕಾಲು ಒಂದೊಂದನ್ನೂ ಕಲಾವಿದ ತೋರಿಸಿರುವ ಶ್ರದ್ಧೆಯಲ್ಲಿ ಆಟದ ಬಗ್ಗೆ ಅವನಿಗಿದ್ದ ಗೌರವ ಎದ್ದು ಕಾಣುತ್ತದೆ.

ಪುಸ್ತಕದ ಪುಟದಲ್ಲಿ ಈ ವಿವರಗಳು ತೀರ ಚಿಕ್ಕದಾಗುತ್ತವೆ. ಹಿಗ್ಗಿಸಿ ನೋಡಬಹುದಾದ ಪ್ರತಿ ಅಂತರಜಾಲದಲ್ಲಿ ಸಿಗುತ್ತದೆ. ಹೊಸ ರಸಿಕರು ಅದನ್ನೇ ನೋಡುವುದು ಒಳ್ಳೆಯದು. ಒಂದು ಸಲಕ್ಕೆ ಒಂದು ಮೂಲೆ ಸಾಕು. ಅವಸರದಲ್ಲಿ ನೋಡಿದವರಿಗೆ ಇಲ್ಲಿ ಬರೀ ಗುಂಪು ಕಾಣುತ್ತದೆ, ನಿಧಾನಿಸಿದವರಿಗೆ ಒಂದೊಂದು ಮಗುವೂ ಕಾಣುತ್ತದೆ.