ಮುಟ್ಟಬಾರದ ಕೆಂಪು ಜೆರ್ಸಿ

ಅಮೆರಿಕದ ಎನ್‌ಎಫ್‌ಎಲ್ ತಂಡಗಳ ತರಬೇತಿ ಶಿಬಿರಗಳು ಜುಲೈ ಕೊನೆಯ ವಾರಗಳಲ್ಲಿ ಶುರುವಾಗಿ ಆಗಸ್ಟ್ ಪೂರ್ತಿ ನಡೆಯುತ್ತವೆ. 32 ತಂಡಗಳು, ತಂಡಕ್ಕೆ 90 ಆಟಗಾರರು. ಆಗಸ್ಟ್ ಮುಗಿಯುವ ಹೊತ್ತಿಗೆ ಉಳಿಯುವವರು 53. ಈ ಅವಧಿಯಲ್ಲಿ ಅಂಕಪಟ್ಟಿಗೆ ಸೇರುವ ಪಂದ್ಯ ಒಂದೂ ಇಲ್ಲ. ಆದರೂ ವರ್ಷದ ಬೇರೆ ಯಾವ ಕಾಲದಲ್ಲೂ ಅಭಿಮಾನಿಗಳು ಇಷ್ಟು ಕಾವಿನಿಂದ ಜಗಳವಾಡುವುದಿಲ್ಲ. ಫೆಬ್ರುವರಿಯಲ್ಲಿ ಸೂಪರ್ ಬೌಲ್ ಮುಗಿದ ಮೇಲೆ ಐದು ತಿಂಗಳು ಆಟದ ಮುಖವನ್ನೇ ಕಾಣದವರಿಗೆ ಯಾರೋ ಚೆಂಡೆಸೆದರು, ಯಾರೋ ಹಿಡಿದರು ಎಂಬ ಸುದ್ದಿಯೇ ಹಬ್ಬದೂಟ. ವಾದದ ವಸ್ತು ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ: ಎರಡನೆಯ ಕ್ವಾರ್ಟರ್‌ಬ್ಯಾಕ್ ಮೊದಲನೆಯವನನ್ನು ಮೀರಿಸುತ್ತಿದ್ದಾನೆಯೇ, ಮೊದಲ ಸುತ್ತಿನಲ್ಲಿ ಆರಿಸಿದ ಹುಡುಗ ಅಷ್ಟು ಬೆಲೆ ಬಾಳುತ್ತಾನೆಯೇ, ಮೈದಾನದ ಅಂಚಿನಲ್ಲಿ ನಿಂತ ವರದಿಗಾರ ಬರೆದದ್ದನ್ನು ನಂಬಬಹುದೇ.

ಜಗಳಕ್ಕೆ ಸರಕು ಒದಗಿಸುವುದು ಎಸೆತಗಳ ಲೆಕ್ಕ. 'ಇಂದು 18ಕ್ಕೆ 12, ಎರಡು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್' ಎಂದು ಮಧ್ಯಾಹ್ನ ವರದಿ ಬರುತ್ತದೆ. ರಾತ್ರಿಯೊಳಗೆ ಅದರ ಮೇಲೆ ಇಡೀ ಋತುವಿನ ಭವಿಷ್ಯ ಕಟ್ಟಿ ಮುಗಿದಿರುತ್ತದೆ. ಈ ಲೆಕ್ಕ ಎಷ್ಟು ಟೊಳ್ಳೆಂದು ತಿಳಿಯಲು ಶಿಬಿರದ ಒಂದು ಪ್ಲೇಯನ್ನು ಹತ್ತಿರದಿಂದ ನೋಡಬೇಕು. ಹನ್ನೊಂದು ಮಂದಿಗೆ ಎದುರಾಗಿ ಹನ್ನೊಂದು ಮಂದಿ ನಿಂತಿದ್ದಾರೆ. ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಬೇರೆ ಬಣ್ಣದ, ಸಾಮಾನ್ಯವಾಗಿ ಕೆಂಪು, ಜೆರ್ಸಿ. ಅದನ್ನು ತೊಟ್ಟವನನ್ನು ಯಾರೂ ಮುಟ್ಟುವಂತಿಲ್ಲ. ಸ್ನ್ಯಾಪ್ ಆಗುತ್ತದೆ. ಅಂಚಿನ ಡಿಫೆನ್ಸಿವ್ ಎಂಡ್ ಎದುರಿನ ಟ್ಯಾಕಲ್‌ನ ಕೈಗಳನ್ನು ತಟ್ಟಿ ಕೆಡವಿ, ಭುಜ ತಗ್ಗಿಸಿ, ಎರಡೂವರೆ ಸೆಕೆಂಡಿಗೆ ಕ್ವಾರ್ಟರ್‌ಬ್ಯಾಕ್‌ನ ಮಗ್ಗುಲಿಗೆ ಬಂದಿರುತ್ತಾನೆ. ಪಂದ್ಯವಾಗಿದ್ದರೆ ಅವನನ್ನು ಅಲ್ಲೇ ಕೆಡವುತ್ತಿದ್ದ, ಅದು ಸ್ಯಾಕ್. ಇಲ್ಲಿ ಅವನು ಸೊಂಟ ತಿರುಗಿಸಿ, ಒಂದು ಕೈ ಮೇಲೆತ್ತಿ, ಪಕ್ಕದಲ್ಲೇ ಹಾದುಹೋಗುತ್ತಾನೆ. ತರಬೇತುದಾರ ಸೀಟಿ ಊದುವುದಿಲ್ಲ, ಏಕೆಂದರೆ ಓಟ ಮುಗಿಸದ ರಿಸೀವರ್‌ಗಳಿಗೂ ಅವರ ಬೆನ್ನಿಗಿರುವ ಡಿಫೆಂಡರ್‌ಗಳಿಗೂ ಆ ಪ್ಲೇ ಪಾಠವಾಗಬೇಕು. ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಸರಿದು 40 ಗಜ ಎಸೆಯುತ್ತಾನೆ, ರಿಸೀವರ್ ಹಿಡಿಯುತ್ತಾನೆ, ದಿಬ್ಬದ ಮೇಲೆ ಕೂತ ಜನ ಕೂಗುತ್ತಾರೆ. ಒಬ್ಬ ವರದಿಗಾರನ ಟಿಪ್ಪಣಿಯಲ್ಲಿ ಅದು ಟಚ್‌ಡೌನ್, ಪಕ್ಕದವನ ಟಿಪ್ಪಣಿಯಲ್ಲಿ ಸ್ಯಾಕ್. ಸಂಜೆ ಎರಡು ಪಕ್ಷಗಳ ಅಭಿಮಾನಿಗಳಿಗೂ ಕೈಯಲ್ಲಿ ಪುರಾವೆ ಇರುತ್ತದೆ. ನೆಟ್ಸ್‌ನಲ್ಲಿ ಬಾರಿಸಿದ ಚೆಂಡು ಬೌಂಡರಿಯೋ ಕ್ಯಾಚೋ ಎಂದು ಬ್ಯಾಟ್ಸ್‌ಮನ್ನೂ ಬೌಲರೂ ಕಿತ್ತಾಡುವುದನ್ನು ಕಂಡವರಿಗೆ ಈ ಸ್ಥಿತಿ ಅರ್ಥವಾಗುತ್ತದೆ; ವ್ಯತ್ಯಾಸವೆಂದರೆ ಇಲ್ಲಿ ಆ ಕಿತ್ತಾಟ ಮರುದಿನದ ಪತ್ರಿಕೆಯ ತಲೆಬರಹವಾಗುತ್ತದೆ.

ಉಳಿದ ಡ್ರಿಲ್‌ಗಳೂ ಒಂದಲ್ಲ ಒಂದು ಕಡೆಗೆ ವಾಲಿರುತ್ತವೆ. ರಿಸೀವರ್ ಮತ್ತು ಕಾರ್ನರ್‌ಬ್ಯಾಕ್ ಒಬ್ಬರಿಗೊಬ್ಬರು ಎದುರಾಗುವ ಡ್ರಿಲ್‌ನಲ್ಲಿ ಎಸೆಯುವವನ ಮೇಲೆ ಒತ್ತಡವಿಲ್ಲ, ಡಿಫೆಂಡರ್‌ಗೆ ಸೇಫ್ಟಿಯ ಬೆಂಬಲವಿಲ್ಲ. ಅಲ್ಲಿ ಸೋತ ಕಾರ್ನರ್‌ಬ್ಯಾಕ್‌ನನ್ನು ಕೈಲಾಗದವನೆಂದು ಜರೆಯುವುದು ಅನ್ಯಾಯ. ಏಳಕ್ಕೆ ಏಳು ಆಡುವಾಗ ಲೈನ್‌ಮನ್‌ಗಳೇ ಇರುವುದಿಲ್ಲ. ಲೈನ್‌ಮನ್‌ಗಳ ಒಬ್ಬರಿಗೊಬ್ಬರು ಡ್ರಿಲ್ ಮಾತ್ರ ಡಿಫೆನ್ಸ್ ಪರ, ಏಕೆಂದರೆ ಟ್ಯಾಕಲ್‌ಗೆ ಪಕ್ಕದಲ್ಲಿ ನೆರವಾಗುವ ಗಾರ್ಡ್ ಇರುವುದಿಲ್ಲ. ಮೊದಲ ದಿನಗಳಲ್ಲಿ ಪ್ಯಾಡ್ ಕೂಡ ಇರುವುದಿಲ್ಲ. ಲೈನ್ ಆಟದ ಬಗ್ಗೆ ಆ ವಾರ ಹೊರಬೀಳುವ ತೀರ್ಪುಗಳನ್ನೆಲ್ಲ ಬದಿಗಿಡಬಹುದು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ 1966ರಿಂದ ಶಿಬಿರ ಹೂಡುವ ಲಾಟ್ರೋಬ್‌ನ ಸೇಂಟ್ ವಿನ್ಸೆಂಟ್ ಕಾಲೇಜಿನಲ್ಲಿ ಮೈಕ್ ಟಾಮ್ಲಿನ್ ರೂಢಿಗೆ ತಂದ 'ಸೆವೆನ್ ಶಾಟ್ಸ್' ಡ್ರಿಲ್ ಇವುಗಳಲ್ಲೆಲ್ಲ ಹೆಚ್ಚು ಪ್ರಾಮಾಣಿಕ: 2 ಗಜದ ಗೆರೆಯಿಂದ ಏಳು ಪ್ಲೇಗಳು, ಗೆದ್ದವರಾರು ಎಂಬುದು ದಿಬ್ಬದ ಮೇಲಿನವರಿಗೆಲ್ಲ ಕಾಣುತ್ತದೆ. ಆದರೂ ಅದರ 4–3 ಎಂಬ ಫಲಿತಾಂಶದಿಂದ ಡಿಸೆಂಬರ್ ತಿಂಗಳ ಆಟವನ್ನು ಊಹಿಸಲಾಗದು.

2018ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಶಿಬಿರ ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ ನಡೆದಾಗ ಪ್ಯಾಟ್ರಿಕ್ ಮಹೋಮ್ಸ್ ಮೊದಲ ಬಾರಿಗೆ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿದ್ದರು. ಹಿಂದಿನ ವರ್ಷ ಅವರು ಆರಂಭಿಸಿದ್ದು ಒಂದೇ ಪಂದ್ಯ. ಅಭ್ಯಾಸದಲ್ಲಿ ಅವರ ಎಸೆತಗಳು ಎದುರಾಳಿಗಳ ಕೈಗೆ ಮತ್ತೆ ಮತ್ತೆ ಸಿಕ್ಕವು, ಇಂಟರ್‌ಸೆಪ್ಷನ್‌ಗಳ ಎಣಿಕೆ ಸುದ್ದಿಯಾಯಿತು, ಅನುಭವಿ ಅಲೆಕ್ಸ್ ಸ್ಮಿತ್‌ರನ್ನು ಬಿಟ್ಟುಕೊಟ್ಟದ್ದು ತಪ್ಪೆಂದು ಗೊಣಗಿದವರಿದ್ದರು. ತರಬೇತುದಾರ ಆಂಡಿ ರೀಡ್ ಇದನ್ನು ದೋಷವೆಂದು ಎಣಿಸಲಿಲ್ಲ. ಯಾವ ಸಂದಿಯಲ್ಲಿ ಚೆಂಡು ನುಸುಳುತ್ತದೆ, ಯಾವುದರಲ್ಲಿ ನುಸುಳುವುದಿಲ್ಲ ಎಂಬುದನ್ನು ಕಲಿಯಲು ಆಗಸ್ಟ್‌ಗಿಂತ ಅಗ್ಗದ ಕಾಲ ಇನ್ನೊಂದಿಲ್ಲ. ಆ ಋತುವಿನಲ್ಲಿ ಮಹೋಮ್ಸ್ 50 ಟಚ್‌ಡೌನ್ ಪಾಸ್ ಎಸೆದು ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಇನ್ನು ಅಂಕಪಟ್ಟಿಗೆ ಸೇರದ ಪ್ರೀಸೀಸನ್ ಪಂದ್ಯಗಳ ಫಲಿತಾಂಶವನ್ನು ನೆಚ್ಚುವವರಿಗೆ ಎರಡು ಉದಾಹರಣೆ ಸಾಕು. 2008ರ ಡೆಟ್ರಾಯಿಟ್ ಲಯನ್ಸ್ ಪ್ರೀಸೀಸನ್‌ನ ನಾಲ್ಕನ್ನೂ ಗೆದ್ದು ಋತುವಿನ ಹದಿನಾರನ್ನೂ ಸೋತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅದನ್ನೇ ಮಾಡಿತು.

ಹಾಗಾದರೆ ನೋಡಬೇಕಾದದ್ದು ಏನನ್ನು? ರೆಪ್‌ಗಳ, ಅಂದರೆ ಅಭ್ಯಾಸದಲ್ಲಿ ಆಡಲು ಸಿಗುವ ಸರದಿಗಳ, ಹಂಚಿಕೆಯನ್ನು. ಯಾರು ಯಾರ ಜೊತೆ, ಯಾರ ಎದುರು, ಎಷ್ಟು ಸಲ ಇಳಿದರು ಎಂಬುದರಲ್ಲಿ ತರಬೇತುದಾರರ ಮನಸ್ಸು ಕಾಣುತ್ತದೆ. ಸಿಯಾಟಲ್ ಸೀಹಾಕ್ಸ್ 2012ರ ವಸಂತದಲ್ಲಿ ಮ್ಯಾಟ್ ಫ್ಲಿನ್‌ರನ್ನು ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಲೆಂದು ಕರೆತಂದಿತ್ತು. ರಸೆಲ್ ವಿಲ್ಸನ್ ಡ್ರಾಫ್ಟ್‌ನಲ್ಲಿ 75ನೆಯವರಾಗಿ ಬಂದ ಹೊಸಬರು. ಯಾರ ಎಸೆತ ಅಂದ ಎಂಬ ಚರ್ಚೆಗಿಂತ, ಮೂರನೆಯ ಪ್ರೀಸೀಸನ್ ಪಂದ್ಯವನ್ನು ವಿಲ್ಸನ್ ಆರಂಭಿಸಲೆಂದು ಪೀಟ್ ಕ್ಯಾರಲ್ ನಿರ್ಧರಿಸಿದ್ದು ಹೆಚ್ಚು ತೂಕದ ಸುದ್ದಿ. ಎರಡನೆಯ ಋತು ಮುಗಿಯುವಷ್ಟರಲ್ಲಿ ವಿಲ್ಸನ್ ಸೂಪರ್ ಬೌಲ್ ಗೆದ್ದಿದ್ದರು. ಪಟ್ಟಿಯ ಕೆಳತುದಿಯಲ್ಲಿರುವವರ ವಿಷಯದಲ್ಲಿ ಇನ್ನೂ ಸುಲಭದ ಗುರುತಿದೆ: ಪಂಟ್ ತಂಡದ ಮೊದಲ ಸಾಲಿನಲ್ಲಿ ಯಾರಿದ್ದಾರೆ. ಐದನೆಯ ರಿಸೀವರ್ ಉಳಿಯುವುದು ಹಿಡಿದ ಕ್ಯಾಚ್‌ಗಳಿಗಿಂತ ಹೆಚ್ಚಾಗಿ ಕಿಕ್ ಅಟ್ಟಿಸಿಕೊಂಡು ಓಡಿ ಮಾಡುವ ಟ್ಯಾಕಲ್‌ಗಳಿಂದ. ಸಾಂತಾ ಕ್ಲಾರಾ, ಸನ್ನಿವೇಲ್ ಕಡೆ ನೆಲೆಸಿ ಫಾರ್ಟಿನೈನರ್ಸ್ ಅಭಿಮಾನಿಗಳಾದ ಕನ್ನಡಿಗರು ತಂಡದ ಅಭ್ಯಾಸ ನೋಡಲು ಹೋದಾಗ ಕ್ವಾರ್ಟರ್‌ಬ್ಯಾಕ್‌ನಿಂದ ಕಣ್ಣು ಕಿತ್ತು ಪಂಟ್ ತಂಡ ಅಭ್ಯಾಸ ಮಾಡುವ ಮೂಲೆಯ ಕಡೆ ಹೊರಳಿಸಿದರೆ ಕಾಣುವುದು ಬಹಳವಿದೆ.

ಶಿಬಿರದ ಚರ್ಚೆಯಲ್ಲಿ ಹಳೆಯ ಪಂಥವೊಂದಿದೆ. ದಿನಕ್ಕೆ ಎರಡು ಸಲ, ಪೂರ್ತಿ ಪ್ಯಾಡ್ ತೊಟ್ಟು, ಬಿಸಿಲಿನಲ್ಲಿ ಬೆಂದ ಕಾಲವೇ ಆಟಗಾರರನ್ನು ಗಟ್ಟಿ ಮಾಡುತ್ತಿತ್ತು, ಈಗಿನದು ಮೆತ್ತಗಿನ ಶಿಬಿರ ಎಂಬುದು ಅದರ ವಾದ. ಈ ಪಂಥಕ್ಕೆ ಕೊಡಬೇಕಾದ ಉತ್ತರ ಕೋರಿ ಸ್ಟ್ರಿಂಗರ್. ಮಿನೆಸೋಟ ವೈಕಿಂಗ್ಸ್‌ನ ಆಫೆನ್ಸಿವ್ ಟ್ಯಾಕಲ್, ವಯಸ್ಸು 27, ಹಿಂದಿನ ಋತುವಿನಲ್ಲಷ್ಟೇ ಪ್ರೊ ಬೌಲ್‌ಗೆ ಆಯ್ಕೆಯಾಗಿದ್ದವರು. 2001ರ ಜುಲೈ 30ರಂದು ಮ್ಯಾಂಕೇಟೊ ಶಿಬಿರದ ಸೆಕೆಯಲ್ಲಿ ಅವರಿಗೆ ಅಭ್ಯಾಸ ಮುಗಿಸಲಾಗಲಿಲ್ಲ. ಸುಸ್ತಾಗಿ ಬಾಗಿ ನಿಂತ ಅವರ ಚಿತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಮರುದಿನ ಅವರು ಅಭ್ಯಾಸವನ್ನು ಪೂರ್ತಿ ಮಾಡಿ ಕುಸಿದರು. ದೇಹದ ಉಷ್ಣ 108.8 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಆಗಸ್ಟ್ 1ರ ನಸುಕಿನಲ್ಲಿ ತೀರಿಕೊಂಡರು. ಪ್ಯಾಡ್ ತೊಟ್ಟ ಅಭ್ಯಾಸವನ್ನು ದಿನಕ್ಕೆ ಎರಡು ಸಲ ನಡೆಸುವುದು 2011ರ ಕಾರ್ಮಿಕ ಒಪ್ಪಂದದಿಂದ ನಿಂತಿತು, 2020ರ ಒಪ್ಪಂದ ಅಂಥ ಅಭ್ಯಾಸಗಳನ್ನು ಇಡೀ ಶಿಬಿರಕ್ಕೆ 16ಕ್ಕೆ ಮಿತಿಗೊಳಿಸಿತು. ಇಬ್ಬರನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಿ ಡಿಕ್ಕಿ ಹೊಡೆಸುವ 'ಒಕ್ಲಹೋಮ ಡ್ರಿಲ್' 2019ರಲ್ಲಿ ನಿಷೇಧವಾಯಿತು. ಇದರಿಂದ ಆಟದ ಗಡಸುತನವೇನೂ ಕಡಿಮೆಯಾಗಿಲ್ಲ. ಹಳೆಯ ಶಿಬಿರಗಳ ಹೊಗಳಿಕೆಯನ್ನು ಪ್ರತಿ ಜುಲೈನಲ್ಲೂ ಹೊಸದಾಗಿ ಅಚ್ಚು ಹಾಕುವ ಅಂಕಣಕಾರರು ಸ್ಟ್ರಿಂಗರ್ ಹೆಸರನ್ನು ಬಿಟ್ಟು ಬರೆಯುವುದು ಸಹಿಸಲಾಗದ ಸಂಗತಿ.

ಮಾಧ್ಯಮದ ಮಾತಿಗೆ ಬಂದರೆ, ದೂಷಣೆಯ ಬಹುಪಾಲನ್ನು ಹೊರುವವರು ಅದಕ್ಕೆ ಕಡಿಮೆ ಪಾತ್ರರು. ಸ್ಥಳೀಯ ಪತ್ರಿಕೆಗಳ ಬೀಟ್ ವರದಿಗಾರರು ಶಿಬಿರದ ಪ್ರತಿ ದಿನವೂ ಅಲ್ಲಿರುತ್ತಾರೆ. ಕುಂಟುತ್ತಿರುವವರು ಯಾರು, ಎರಡನೆಯ ತಂಡದಿಂದ ಮೊದಲನೆಯದಕ್ಕೆ ಬಡ್ತಿ ಪಡೆದವರು ಯಾರು ಎಂಬುದು ಮೊದಲು ತಿಳಿಯುವುದು ಅವರಿಗೇ. ಆದರೆ ಅನೇಕ ತಂಡಗಳ ನಿಯಮದಂತೆ ಅವರು ವ್ಯೂಹಗಳನ್ನಾಗಲಿ, ಹೊಸ ಪ್ಲೇಗಳನ್ನಾಗಲಿ ವಿವರಿಸುವಂತಿಲ್ಲ. ಅಭ್ಯಾಸದ ಮೊದಲ ಸ್ವಲ್ಪ ಹೊತ್ತಿನ ನಂತರ ಚಿತ್ರೀಕರಿಸುವಂತಿಲ್ಲ. ಆಟದ ಒಳಗುಟ್ಟನ್ನು ಬರೆಯಬಾರದೆಂದ ಮೇಲೆ ಉಳಿಯುವುದು ಎಣಿಕೆ. '18ಕ್ಕೆ 12' ಹುಟ್ಟುವುದು ಇಲ್ಲಿ.

ಆ ಎಣಿಕೆಯನ್ನು ಎತ್ತಿಕೊಂಡು ಬೆಂಕಿ ಹಚ್ಚುವುದು ದೂರದ ಸ್ಟುಡಿಯೋಗಳ ವಾಗ್ವಾದ ಕಾರ್ಯಕ್ರಮಗಳು. ಎದುರುಬದುರು ಕೂತ ಇಬ್ಬರು, ಒಬ್ಬರು ಹೌದೆಂದರೆ ಇನ್ನೊಬ್ಬರು ಇಲ್ಲವೆನ್ನಬೇಕಾದ ಕಟ್ಟುಪಾಡು. ಶಿಬಿರದ ಹುಲ್ಲು ಮೆಟ್ಟುವ ಅಗತ್ಯ ಇಬ್ಬರಿಗೂ ಇಲ್ಲ. 2005ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯ ಈಗಲ್ಸ್ ಶಿಬಿರದಿಂದ ಮನೆಗೆ ಕಳಿಸಲಾದ ಟೆರಲ್ ಓವೆನ್ಸ್ ಮನೆಯಂಗಳದಲ್ಲಿ ವ್ಯಾಯಾಮ ಮಾಡುತ್ತ ಕೂತರೆ ಟಿ.ವಿ. ಕ್ಯಾಮೆರಾಗಳು ಅಲ್ಲಿ ನೆರೆದಿದ್ದವು. 2012ರಲ್ಲಿ ನ್ಯೂಯಾರ್ಕ್ ಜೆಟ್ಸ್ ಶಿಬಿರ ಕಾರ್ಟ್‌ಲ್ಯಾಂಡ್‌ನಲ್ಲಿ ನಡೆದಾಗ ಇಎಸ್‌ಪಿಎನ್ ಅಲ್ಲಿಂದ ನೇರಪ್ರಸಾರವನ್ನೇ ಮಾಡಿತು. ಕಾರಣ ಬದಲಿ ಕ್ವಾರ್ಟರ್‌ಬ್ಯಾಕ್ ಟಿಮ್ ಟೀಬೋ. ಆ ಋತುವಿನಲ್ಲಿ ಟೀಬೋ ಎಸೆದ ಪಾಸ್‌ಗಳು ಒಟ್ಟು ಎಂಟು. 2003ರಲ್ಲಿ ಲೀಗ್ ತನ್ನದೇ ಎನ್‌ಎಫ್‌ಎಲ್ ನೆಟ್‌ವರ್ಕ್ ಆರಂಭಿಸಿದ ಮೇಲೆ ಆಟ ನಡೆಸುವವರೇ ಆಟದ ಸುದ್ದಿ ಬಿತ್ತರಿಸುವವರೂ ಆದರು, ಶಿಬಿರದ ಸುದ್ದಿಗೆ ಜಾಹೀರಾತಿನ ವಾಸನೆ ಬಂತು. 2001ರಲ್ಲಿ ಬಾಲ್ಟಿಮೋರ್ ರೇವನ್ಸ್ ಶಿಬಿರದಿಂದ ಶುರುವಾದ ಎಚ್‌ಬಿಒದ 'ಹಾರ್ಡ್ ನಾಕ್ಸ್' ಸರಣಿ ಆಟಗಾರರ ಕೋಣೆಯೊಳಗೆ ಹೋಗುವ ಕಾರಣಕ್ಕೆ ಎಷ್ಟೋ ಮೇಲು. ಆದರೆ ಶಿಬಿರದ ಒಳಗನ್ನು ಅದಕ್ಕಿಂತ ಬಹಳ ಮೊದಲೇ, ಅದಕ್ಕಿಂತ ಚೆನ್ನಾಗಿ ತೋರಿಸಿದ ಪುಸ್ತಕವೊಂದಿದೆ. ಉಳಿದ ಕಾರ್ಯಕ್ರಮಗಳನ್ನು ಬಿಟ್ಟು ಅದರತ್ತ ಹೋಗುವುದು ಲೇಸು.

ಜಾರ್ಜ್ ಪ್ಲಿಂಪ್ಟನ್ ಅವರ 'ಪೇಪರ್ ಲಯನ್' ಪ್ರಕಟವಾದದ್ದು 1966ರಲ್ಲಿ. ಸಾಹಿತ್ಯ ಪತ್ರಿಕೆ 'ಪ್ಯಾರಿಸ್ ರಿವ್ಯೂ'ದ ಸಂಪಾದಕರಾಗಿದ್ದ ಪ್ಲಿಂಪ್ಟನ್ 1963ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಡೆಟ್ರಾಯಿಟ್ ಲಯನ್ಸ್ ಶಿಬಿರಕ್ಕೆ ಕೊನೆಯ ದರ್ಜೆಯ ಕ್ವಾರ್ಟರ್‌ಬ್ಯಾಕ್ ಆಗಿ ಸೇರಿದರು. ಮಿಷಿಗನ್‌ನ ಕ್ರಾನ್‌ಬ್ರೂಕ್ ಶಾಲೆಯ ವಸತಿಗೃಹದಲ್ಲಿ ಆಟಗಾರರ ಜೊತೆಗೇ ವಾಸ. ಜೆರ್ಸಿಯ ಸಂಖ್ಯೆ ಸೊನ್ನೆ. ಸೆಂಟರ್‌ನ ಕಾಲುಗಳ ನಡುವೆ ಕೈ ಎಲ್ಲಿಟ್ಟು ಚೆಂಡು ಪಡೆಯಬೇಕೆಂಬುದೂ ತಿಳಿಯದ್ದರಿಂದ ಅವರು ನಿಜವಾದ ಆಟಗಾರರಲ್ಲ ಎಂಬ ಗುಟ್ಟು ಬಹಳ ದಿನ ಉಳಿಯಲಿಲ್ಲ. ಪಾಂಟಿಯಾಕ್‌ನಲ್ಲಿ ಪ್ರೇಕ್ಷಕರೆದುರು ನಡೆದ ಅಭ್ಯಾಸ ಪಂದ್ಯದಲ್ಲಿ ಐದು ಪ್ಲೇ ನಡೆಸಲು ಅವರಿಗೆ ಬಿಟ್ಟರು. ತಂಡ ಹಿಂದೆ ಹಿಂದೆ ಸರಿಯಿತು. ಕ್ಲೀವ್‌ಲ್ಯಾಂಡ್ ವಿರುದ್ಧದ ಪ್ರದರ್ಶನ ಪಂದ್ಯದಲ್ಲಿ ಇಳಿಯಲು ಲೀಗ್ ಆಯುಕ್ತ ಪೀಟ್ ರೋಜೆಲ್ ಅನುಮತಿ ಕೊಡಲಿಲ್ಲ. ಪುಸ್ತಕದ ನಿಜವಾದ ಜೀವಾಳ ಮೈದಾನದ ಆಚೆಗಿದೆ: ಊಟದ ಮನೆಯಲ್ಲಿ ಎದ್ದುನಿಂತು ತಮ್ಮ ಕಾಲೇಜಿನ ಹಾಡು ಹಾಡಬೇಕಾದ ಹೊಸಬರು, ತಂಡದ ಆಟಗಾರ ಡಿಕ್ 'ನೈಟ್ ಟ್ರೇನ್' ಲೇನ್‌ರ ಮಾತಿನ ಧಾಟಿ, ಯಾರ ಹೆಸರು ಯಾವ ದಿನ ಪಟ್ಟಿಯಿಂದ ಹೋಗುತ್ತದೋ ಎಂಬ ಭಯ. ಎಸೆತಗಳ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಶಿಬಿರವೆಂದರೆ ನೂರಾರು ಯುವಕರು ಕೆಲಸ ಉಳಿಸಿಕೊಳ್ಳಲು ಪಡುವ ಪಾಡು ಎಂಬುದನ್ನು ಇಷ್ಟು ಚೆನ್ನಾಗಿ ಬೇರೆ ಯಾವ ಕ್ರೀಡಾ ಪುಸ್ತಕವೂ ಹೇಳಿಲ್ಲ.

ಆ ಪಾಡಿಗೆ ತೆರೆ ಬೀಳುವುದು ಕಟ್‌ಡೌನ್ ದಿನ. 2023ರಿಂದ 90ರಿಂದ 53ಕ್ಕೆ ಒಂದೇ ಸಲ ಇಳಿಸುವ ಪದ್ಧತಿ ಬಂದಿರುವುದರಿಂದ ಒಂದೇ ಗಡುವಿನೊಳಗೆ 1,100ಕ್ಕೂ ಹೆಚ್ಚು ಮಂದಿ ಪಟ್ಟಿಯಿಂದ ಹೊರಬೀಳುತ್ತಾರೆ. ಆಟಗಾರರು 'ಟರ್ಕ್' ಎಂದು ಕರೆಯುವ ಸಿಬ್ಬಂದಿ ಬಂದು, ಕೋಚ್ ಕರೆಯುತ್ತಿದ್ದಾರೆ, ಪ್ಲೇಬುಕ್ ತೆಗೆದುಕೊಂಡು ಬಾ ಎನ್ನುತ್ತಾನೆ. ಕಿರಿಯರು ವೇವರ್‌ಗೆ ಹೋಗುತ್ತಾರೆ. ಬೇರೆ ತಂಡಗಳಿಗೆ ಅವರನ್ನು ಕೇಳಲು ಮರುದಿನದವರೆಗೆ ಅವಕಾಶ. ಯಾರೂ ಕೇಳದವರಲ್ಲಿ ಕೆಲವರು ಪ್ರಾಕ್ಟೀಸ್ ಸ್ಕ್ವಾಡ್ ಸೇರುತ್ತಾರೆ, ಹಲವರು ಊರಿಗೆ ಹೊರಡುತ್ತಾರೆ.

ಕರ್ಟ್ ವಾರ್ನರ್ 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಶಿಬಿರದಲ್ಲಿದ್ದರು. ಅವರಿಗಿಂತ ಮುಂದಿದ್ದವರು ಬ್ರೆಟ್ ಫಾರ್ವ್, ಮಾರ್ಕ್ ಬ್ರೂನೆಲ್, ಟೈ ಡೆಟ್ಮರ್. ಸಿಕ್ಕ ರೆಪ್‌ಗಳು ಬೆರಳೆಣಿಕೆಯಷ್ಟು. ಕೈಬಿಟ್ಟ ಮೇಲೆ ಅವರು ಅಯೋವದ ಸೀಡರ್ ಫಾಲ್ಸ್‌ನ ದಿನಸಿ ಅಂಗಡಿಯಲ್ಲಿ ದುಡಿದರು. 1999ರ ಪ್ರೀಸೀಸನ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಟ್ರೆಂಟ್ ಗ್ರೀನ್ ಮಂಡಿಗೆ ತೀವ್ರ ಪೆಟ್ಟು ಮಾಡಿಕೊಂಡಾಗ ಸ್ಥಾನ ವಾರ್ನರ್‌ಗೆ ಬಂತು. 41 ಟಚ್‌ಡೌನ್ ಪಾಸ್‌ಗಳು, ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ, ಸೂಪರ್ ಬೌಲ್. ಜೇಮ್ಸ್ ಹ್ಯಾರಿಸನ್ 2002ರಲ್ಲಿ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ ಲಾಟ್ರೋಬ್‌ಗೆ ಬಂದವರು. ಸ್ಟೀಲರ್ಸ್ ಅವರನ್ನು ಒಂದಕ್ಕಿಂತ ಹೆಚ್ಚು ಬಾರಿ ಕೈಬಿಟ್ಟಿತು, ರೇವನ್ಸ್ ಕೂಡ ಬಿಟ್ಟಿತು. 2004ರಲ್ಲಿ ಕ್ಲಾರ್ಕ್ ಹ್ಯಾಗನ್ಸ್ ಭಾರ ಎತ್ತುವಾಗ ಕೈಗೆ ಪೆಟ್ಟು ಮಾಡಿಕೊಂಡದ್ದರಿಂದ ಶಿಬಿರದಲ್ಲಿ ಜಾಗ ಖಾಲಿಯಾಯಿತು, ಹ್ಯಾರಿಸನ್ ಮರಳಿ ಬಂದರು, 2008ರಲ್ಲಿ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರರಾದರು. 2009ರ ಫೆಬ್ರುವರಿ 1ರಂದು ಟ್ಯಾಂಪಾದಲ್ಲಿ ನಡೆದ ಸೂಪರ್ ಬೌಲ್‌ನ ಮೊದಲರ್ಧದ ಕೊನೆಯ ಪ್ಲೇಯಲ್ಲಿ ಅರಿಜೋನ ಕಾರ್ಡಿನಲ್ಸ್ ಕ್ವಾರ್ಟರ್‌ಬ್ಯಾಕ್ ಗೋಲ್ ಗೆರೆಯ ಹತ್ತಿರ ಎಸೆದ ಚೆಂಡನ್ನು ಹ್ಯಾರಿಸನ್ ಕಸಿದು 100 ಗಜ ಓಡಿ ಟಚ್‌ಡೌನ್ ಮಾಡಿದರು. ಸ್ಟೀಲರ್ಸ್ 27–23ರಿಂದ ಗೆದ್ದಿತು. ಆ ಚೆಂಡನ್ನು ಎಸೆದವರು ಕರ್ಟ್ ವಾರ್ನರ್.