ಸಾಲ ಕೊಡುವವರೇ ಸಲಹೆ ಕೊಟ್ಟರೆ

ಹೆಣ್ಣುಮಕ್ಕಳಿಗೆ ಹಣಕಾಸಿನ ಮಾರ್ಗದರ್ಶನ ಕೊಡುತ್ತೇವೆ ಎನ್ನುವ ಆ್ಯಪ್‌ಗಳು, ವಾಟ್ಸ್‌ಆ್ಯಪ್ ಸೇವೆಗಳು ಈಗ ಕನ್ನಡದಲ್ಲೂ ಬಂದಿವೆ. ನಾನು ನೋಡಿದ ಹಲವು ಶುರುವಾಗುವುದು ಒಂದೇ ಪ್ರಶ್ನೆಯಿಂದ: ‘ನಿಮ್ಮ ತಿಂಗಳ ಆದಾಯ ಎಷ್ಟು?’ ಉತ್ತರಕ್ಕೆ ಒಂದು ಚೌಕ, ಅದರಲ್ಲಿ ಒಂದು ಅಂಕಿ. ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂ ತಂದು ಬೀದಿಯಲ್ಲಿ ಮೊಳದ ಲೆಕ್ಕಕ್ಕೆ ಮಾರುವ ಹೆಂಗಸು ಆ ಚೌಕದಲ್ಲಿ ಏನು ತುಂಬಬೇಕು? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರಕ್ಕೆ ಹೇಳಿದ್ದೇ ಬೆಲೆ. ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲೂ ಇಲ್ಲ. ಸಂಜೆ ಹೊತ್ತಿಗೆ ಉಳಿದ ಹೂ ಬಾಡಿದರೆ ಹಾಕಿದ ಬಂಡವಾಳವೂ ಹೋಯಿತು. ಆಕೆ ಏನೋ ಒಂದು ಅಂಕಿ ಒತ್ತುತ್ತಾಳೆ. ಆ್ಯಪ್ ಅದನ್ನೇ ನಂಬಿ, ತಿಂಗಳಿಗೆ 500 ರೂಪಾಯಿ ಉಳಿಸಿ ಎನ್ನುತ್ತದೆ. ಶ್ರಾವಣಕ್ಕೂ 500, ಆಷಾಢಕ್ಕೂ 500. ತಪ್ಪಿದ ತಿಂಗಳಿಗೆ ಪರದೆಯ ಮೇಲೆ ಕೆಂಪು ಗುರುತು.

ಹಬ್ಬದ ವಾರದ ಗಳಿಕೆಯಲ್ಲಿ ಎಷ್ಟು ಎತ್ತಿಟ್ಟರೆ ಸುಗ್ಗಿಯಿಲ್ಲದ ತಿಂಗಳು ದಾಟಬಹುದು ಎಂಬುದು ಆಕೆಗೆ ಬಾಯಿಪಾಠ. ಆ ಲೆಕ್ಕ ಆ್ಯಪ್‌ಗೆ ಬರುವುದಿಲ್ಲ. ಹಾಗಿದ್ದೂ ಪಾಠ ಕೇಳಬೇಕಾದವಳು ಆಕೆ! ನನಗೆ ಒಪ್ಪಿಗೆಯಾಗದ್ದು ಈ ಧೋರಣೆ. ದುಡ್ಡಿನ ವಿಷಯ ಹೆಣ್ಣುಮಕ್ಕಳಿಗೆ ತಿಳಿಯದು ಎಂದುಕೊಂಡೇ ಈ ಸೇವೆಗಳನ್ನು ಕಟ್ಟಲಾಗಿದೆ. ನಮ್ಮ ರಾಜ್ಯದಲ್ಲಿ ಹೀಗೆ ಅಂದುಕೊಳ್ಳಲು ಆಧಾರವೇ ಇಲ್ಲ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಸಣ್ಣ ಗುಂಪುಗಳಲ್ಲಿ ಯಾರಿಗೆ ಸಾಲ ಕೊಡಬೇಕು, ಎಷ್ಟು, ಬಡ್ಡಿ ಏನು ಎಂದು ತೀರ್ಮಾನಿಸುತ್ತಿದ್ದವರು ಸದಸ್ಯರೇ. ಆ ಅನುಭವದ ಬಲದ ಮೇಲೆ 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಶುರುಮಾಡಿತು. ಅಂದಿನಿಂದ ವಾರವಾರ ಕೂತು ಪಾಸ್‌ಬುಕ್ ತಾಳೆ ನೋಡಿದವರಿಗೆ ‘ಬಜೆಟ್ ಎಂದರೇನು’ ಎಂಬ ಎರಡು ನಿಮಿಷದ ವಿಡಿಯೊ ಏನನ್ನು ಹೊಸದಾಗಿ ಕೊಟ್ಟೀತು?

ಕೊರತೆ ಇರುವುದು ದುಡ್ಡು ಯಾರ ಹಿಡಿತದಲ್ಲಿದೆ ಎಂಬಲ್ಲಿ. ಮಧ್ಯಪ್ರದೇಶದ ಉತ್ತರ ಭಾಗದ ಜಿಲ್ಲೆಗಳಲ್ಲಿ ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತು ಸಹಲೇಖಕರು ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಉದ್ಯೋಗ ಖಾತ್ರಿ ಕೂಲಿ ಗಂಡನ ಖಾತೆಗೆ ಬೀಳುವ ಬದಲು ಹೆಂಗಸಿನ ಸ್ವಂತ ಖಾತೆಗೆ ಬಿದ್ದು, ಖಾತೆ ಬಳಸುವ ಅಲ್ಪ ತರಬೇತಿಯೂ ಸಿಕ್ಕಾಗ, ಬರೀ ಖಾತೆ ತೆರೆಸಿಕೊಂಡವರಿಗಿಂತ ಅವರು ಹೆಚ್ಚು ದುಡಿಮೆಗೆ ಹೊರಟರು. ದುಡ್ಡೂ ತರಬೇತಿಯೂ ಒಟ್ಟಿಗೆ ಕೈಸೇರಿದ್ದಕ್ಕೆ ಬಂದ ಫಲ ಅದು. 2023ರ ಆಗಸ್ಟ್‌ನಲ್ಲಿ ಶುರುವಾದ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುತ್ತದೆ. ಆ ಹಣದ ಸುತ್ತ ಒಂದು ಒಳ್ಳೆಯ ಸೇವೆ ಕಟ್ಟಲು ಇದಕ್ಕಿಂತ ಹದವಾದ ಕಾಲ ಯಾವುದು?

ಆದರೆ ಫೋನು ಯಾರದು ಎಂದು ಮೊದಲು ಕೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆ ಇದ್ದ ಹೆಂಗಸರು ನೂರಕ್ಕೆ ಸುಮಾರು 79. ತಾವೇ ಬಳಸುವ ಮೊಬೈಲ್ ಇದ್ದವರು ಸುಮಾರು 54. ಎಷ್ಟೋ ಮನೆಗಳಲ್ಲಿ ಒಟಿಪಿ ಬರುವುದು ಗಂಡನ ನಂಬರಿಗೆ, ಆ್ಯಪ್ ಇರುವುದು ಮಗನ ಫೋನಿನಲ್ಲಿ. ಆ ಫೋನಿನ ಲಾಕ್ ಆದ ಪರದೆಯ ಮೇಲೆ ‘ಅಭಿನಂದನೆಗಳು! ನಿಮ್ಮ ಉಳಿತಾಯ 3,200 ರೂಪಾಯಿ ತಲುಪಿದೆ’ ಎಂದು ಸಂದೇಶ ಮೂಡಿತು ಅನ್ನಿ. ಯಾರಿಗೂ ಹೇಳದೆ ಮಗಳ ಕಾಲೇಜು ಫೀಸಿಗೆಂದು ಕೂಡಿಸಿಟ್ಟದ್ದು ಒಂದೇ ಸದ್ದಿಗೆ ಮನೆಯವರಿಗೆಲ್ಲ ಗೊತ್ತಾಯಿತು. ಇಂಥ ಸಂದೇಶ ಬೇಡ ಎನ್ನುವ ಆಯ್ಕೆ ಮೆನುವಿನ ನಾಲ್ಕನೇ ಪದರದಲ್ಲಿದ್ದರೆ ಸಾಲದು. ಸಂದೇಶ ಮೊದಲಿಂದಲೇ ಆಫ್ ಆಗಿರಬೇಕು, ಬೇಕಾದವರು ಆನ್ ಮಾಡಿಕೊಳ್ಳಲಿ. ಕೀಪ್ಯಾಡ್ ಫೋನಿನಲ್ಲೂ ಹಣ ಕಳಿಸಬಹುದಾದ ಯುಪಿಐ 123ಪೇ 2022ರಲ್ಲೇ ಬಂದಿದೆ. ಸಲಹೆಯೂ ಆ ಫೋನಿಗೆ ಕನ್ನಡದ ದನಿಯಾಗಿ, ಆಕೆ ಹೇಳಿದ ಹೊತ್ತಿಗೆ ಬರಬಹುದು.

ಈ ಸೇವೆಗಳು ಚೆನ್ನಾಗಿ ಮಾಡುವ ಕೆಲಸವೂ ಒಂದಿದೆ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ: ಇಂಥ ಚಿಕ್ಕ, ಖಚಿತ ಮಾತು ಹೆಂಗಸರ ನೆನಪಿನಲ್ಲಿ ನಿಲ್ಲುತ್ತದೆ. ಡೊಮಿನಿಕನ್ ಗಣರಾಜ್ಯದ ಸಣ್ಣ ಉದ್ಯಮಿಗಳ ನಡುವೆ ಆಂಟ್ವಾನೆಟ್ ಶೋರ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸಿತು. ಲೆಕ್ಕಶಾಸ್ತ್ರದ ಪೂರ್ತಿ ಪಾಠಕ್ಕಿಂತ, ಅಂಗಡಿ ದುಡ್ಡನ್ನೂ ಮನೆ ದುಡ್ಡನ್ನೂ ಬೇರೆ ಇಡಿ ಎನ್ನುವಂಥ ಸರಳ ಸೂತ್ರಗಳು ಹೆಚ್ಚು ಫಲ ಕೊಟ್ಟವು.

ಇನ್ನು ಸಾಲದ ಮಾತು. ಈ ಸೇವೆಗಳನ್ನು ಅಳೆಯಬೇಕಾದದ್ದು ಇಲ್ಲಿ, ಇವು ಸೋಲುವುದೂ ಇಲ್ಲೇ. ಸೋಮವಾರ ಒಂದು ಕಂಪನಿಯ ಕಂತು, ಗುರುವಾರ ಇನ್ನೊಂದರದು, ನಡುವೆ ಸಂಘದ್ದು, ಮೇಲೆ ಅಡವಿಟ್ಟ ಓಲೆಯ ಬಡ್ಡಿ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಷ್ಟಾದ ಮೇಲೂ ಉಳಿತಾಯದ ಗುರಿ ಕೇಳುವ ಆ್ಯಪ್ ‘ಈ ವಾರ ಯಾರ ಯಾರ ಕಂತು ಕಟ್ಟಬೇಕು’ ಎಂದು ಕೇಳುವುದಿಲ್ಲ. ಹತ್ತು ಸಾವಿರದ ಸಾಲ, ಫ್ಲ್ಯಾಟ್ ಶೇ 12 ಬಡ್ಡಿ, ಒಂದು ವರ್ಷ ಎಂದಿಟ್ಟುಕೊಳ್ಳಿ. ತಿಂಗಳಿಗೆ 933 ರೂಪಾಯಿ ಕಟ್ಟುತ್ತಾ ಹೋದರೆ ಅಸಲು ಪ್ರತಿ ತಿಂಗಳೂ ಕರಗುತ್ತದೆ, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೆಯೇ ಬೀಳುತ್ತದೆ. ಹಾಗಾಗಿ ನಿಜವಾದ ದರ ಶೇ 21ರಿಂದ 22. ಇದನ್ನು ಸಹಿಗೆ ಮುಂಚೆ ಬಿಡಿಸಿ ಹೇಳುವ ಸೇವೆ ಒಂದಿದ್ದರೂ ನಾನು ಅದನ್ನು ಮನಸಾರೆ ಹೊಗಳುತ್ತಿದ್ದೆ. ಬಡ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ಕಿರುಸಾಲ ನಿಯಮ ಹೇಳುತ್ತದೆ. ನಾಲ್ಕು ಅಂಕಿ ಕೇಳಿಕೊಂಡು ‘ನೀವು ಆ ಗೆರೆ ದಾಟಿದ್ದೀರಿ’ ಎಂದು ತಿಳಿಸುವುದು ಫೋನಿಗೆ ಕಷ್ಟವೇ?

ಫೋನಿಗೆ ಕಷ್ಟವಲ್ಲ, ಕಂಪನಿಗೆ ನಷ್ಟ. ಮಾರ್ಗದರ್ಶನ ಉಚಿತ ಎನ್ನುವ ಸೇವೆಯ ಕೊನೆಯ ಪರದೆಯಲ್ಲಿ ‘ನೀವು 40,000 ರೂಪಾಯಿ ಸಾಲಕ್ಕೆ ಅರ್ಹರು’ ಎಂಬ ಬಟನ್ ಇದ್ದರೆ, ಅದಕ್ಕೂ ಮುಂಚಿನ ಪಾಠಗಳೆಲ್ಲ ಆ ಬಟನ್ನಿನ ಕಡೆಗೆ ಕರೆದೊಯ್ಯುವ ದಾರಿಯೇ. ಷೇರು, ಮ್ಯೂಚುವಲ್ ಫಂಡಿನಲ್ಲಿ ದುಡ್ಡು ಹಾಕುವವರಿಗೆ ಸೆಬಿ ಈ ರಕ್ಷಣೆಯನ್ನು 2020ರಲ್ಲೇ ಕೊಟ್ಟಿದೆ: ನೋಂದಾಯಿತ ಸಲಹೆಗಾರ ಒಬ್ಬನೇ ಗ್ರಾಹಕನಿಗೆ ಸಲಹೆಯನ್ನೂ ಕೊಟ್ಟು ಕಮಿಷನ್ನಿಗೆ ಫಂಡನ್ನೂ ಮಾರುವಂತಿಲ್ಲ. ಉಳ್ಳವರ ಹೂಡಿಕೆಗೆ ಇರುವ ಈ ಬೇಲಿ ಹೂ ಮಾರುವವಳ ಸಾಲಕ್ಕೂ ಬೇಕು.

ಹಾಗಾದರೆ ಸೇವೆಯ ಖರ್ಚು ಯಾರು ಹೊರಬೇಕು ಎನ್ನುವ ಪ್ರಶ್ನೆ ನ್ಯಾಯವಾದದ್ದೇ. ರಾಜ್ಯದ ಗ್ರಾಮೀಣ ಜೀವನೋಪಾಯ ಕಾರ್ಯಕ್ರಮ ಸಂಜೀವಿನಿಯಡಿ ಸ್ವಸಹಾಯ ಸಂಘಗಳ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ನಮ್ಮಲ್ಲಿ ಆಗಲೇ ಇವೆ. ಸಂಘಗಳ ಲೆಕ್ಕ ನೋಡುವ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ), ಹಳ್ಳಿಯಲ್ಲೇ ಬ್ಯಾಂಕ್ ಸೇವೆ ಕೊಡುವ ಬಿಸಿ ಸಖಿ ಇದ್ದಾರೆ. ಸಾಲ ಮಾರಿ ಲಾಭ ಮಾಡಬೇಕಾದ ಒತ್ತಡ ಕಂಪನಿಗಿರುವಷ್ಟು ಇವರಿಗಿಲ್ಲ. ಸರ್ಕಾರ ದುಡ್ಡು ಕೊಟ್ಟು ಒಕ್ಕೂಟದ ಹೆಸರಿನಲ್ಲಿ ಸೇವೆ ನಡೆಯಲಿ. ಫೋನು ಕಂತಿನ ಲೆಕ್ಕ ಹಾಕಲಿ, ಗೆರೆ ದಾಟಿದವಳ ಜೊತೆ ಕೂತು ಯಾವ ಸಾಲ ಮೊದಲು ತೀರಿಸಬೇಕು ಎಂದು ಎಂಬಿಕೆ ಮಾತಾಡಲಿ. ವರ್ಷದ ಕೊನೆಗೆ ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಎಂಬ ಸಂಖ್ಯೆಯ ಬದಲು, ಲೆಕ್ಕ ನೋಡಿದ ಮೇಲೆ ಎಷ್ಟು ಜನ ಹೊಸ ಸಾಲ ಬೇಡ ಎಂದರು ಎಂಬ ಸಂಖ್ಯೆಯನ್ನು ಒಕ್ಕೂಟದ ಸಭೆಯಲ್ಲಿ ಓದಲಿ.